ದಾರದ ಬಾಗಿಲು

ನಮ್ಮ ಊರಿನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಹೇಳಿದರೆ ನಿಮ್ಮ ಊರುಗಳಿಗೆ ಬೇಜಾರಾಗುತ್ತದೆ. ಆದರೂ ನೀವು ಕೇಳಿದಿರಿ ಅಂದುಕೊಂಡು ಒಂದೆರಡು ಮಾತು ಹೇಳಿಬಿಡುತ್ತೇನೆ. ನಮ್ಮ ಊರಿನ ಗಂಟೆ ಎಷ್ಟು ದೊಡ್ಡದೆಂದರೆ, ಬೆಳಿಗ್ಗೆ ಬಾರಿಸಿದ ಸದ್ದು ಊರಿನ ಆ ತುದಿಗೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತಿತ್ತು. ಅಲ್ಲಿಯವರು ಅದನ್ನು ಕೇಳಿಯೇ ಊಟಕ್ಕೆ ಏಳುತ್ತಿದ್ದರು. ನಮ್ಮ ಕೆರೆಯ ಮೀನುಗಳಿಗೆ ಮರ್ಯಾದೆ ಗೊತ್ತಿತ್ತು. ಬಲೆ ಬೀಸುವ ಮೊದಲು ದಡದಲ್ಲಿ ನಿಂತು ಕೆಮ್ಮಿದರೆ ಸಾಕು, ದೊಡ್ಡವು ಮುಂದೆ ಬಂದು ಸಣ್ಣವನ್ನು ಹಿಂದಕ್ಕೆ ಕಳಿಸುತ್ತಿದ್ದವು. ಇನ್ನು ಚೌಕಾಬಾರದಲ್ಲಿ ನನ್ನನ್ನು ಸೋಲಿಸುವವರು ಸುತ್ತಿನ ಯಾವ ಊರಿನಲ್ಲೂ ಇರಲಿಲ್ಲ, ಒಬ್ಬರನ್ನು ಬಿಟ್ಟು. ಆ ಒಬ್ಬರು ದಿನಾ ಸೋಲಿಸುತ್ತಿದ್ದರು. ಅವರು ಹೊಳೆಯಾಚೆಯ ಊರಿನ ದೂತರು.

ನಮ್ಮಲ್ಲಿ ದೂತರ ಬೀದಿ ಅಂತ ಒಂದು ಬೀದಿಯೇ ಇತ್ತು. ಬೇರೆ ಬೇರೆ ಊರುಗಳವರು ನಮ್ಮ ಜೊತೆ ಮಾತುಕತೆಗೆಂದು ಒಬ್ಬೊಬ್ಬ ದೂತರನ್ನು ಕಳಿಸುತ್ತಿದ್ದರು. ಅವರಿಗೆ ಆ ಬೀದಿಯಲ್ಲಿ ಒಂದೊಂದು ಮನೆ. ನಾವೂ ಅವರವರ ಊರಿಗೆ ಒಬ್ಬೊಬ್ಬರನ್ನು ಕಳಿಸುತ್ತಿದ್ದೆವು. ಅಲ್ಲೂ ಅಂಥದೇ ಬೀದಿ, ಅಂಥದೇ ಮನೆ. ಆ ಮನೆಗಳಿಗೆ ಕದ ಇರಲಿಲ್ಲ. ಚಿಲಕವಿಲ್ಲ, ಅಗುಳಿಯಿಲ್ಲ. ಬಾಗಿಲ ಚೌಕಟ್ಟಿಗೆ ಅಡ್ಡವಾಗಿ, ಎದೆಯ ಎತ್ತರಕ್ಕೆ, ಒಂದೇ ಒಂದು ಹತ್ತಿಯ ದಾರ. ದಾರದ ಒಂದು ತುದಿಯನ್ನು ಹೊರಗಿನಿಂದ ಊರಿನವರ ಕೈ ಕಟ್ಟಬೇಕು. ಇನ್ನೊಂದು ತುದಿಯನ್ನು ಒಳಗಿನಿಂದ ದೂತರ ಕೈ ಕಟ್ಟಬೇಕು. ದಿನ ಬೆಳಗಾದರೆ ಹೊಸ ದಾರ. ಒಳಗಿನವರು ಬಿಚ್ಚಿ ಕರೆಯುವವರೆಗೆ ಯಾರೂ ದಾಟುವಂತಿಲ್ಲ. ನೊಣ ಕೂಡ ಸ್ವಲ್ಪ ಹೊತ್ತು ಹೊರಗೆ ಕೂತು ಯೋಚನೆ ಮಾಡುತ್ತಿತ್ತು.

ಇನ್ನೊಂದು ನಿಯಮವಿತ್ತು. ಅದನ್ನು ಯಾರೂ ಮಾಡಿದ್ದಲ್ಲ, ಅದು ಸುಮ್ಮನೆ ಇತ್ತು, ನೀರು ತಗ್ಗಿಗೆ ಹರಿಯುವ ಹಾಗೆ. ಇಲ್ಲಿ ಅವರ ದೂತರ ಮನೆಗೆ ಏನಾಗುತ್ತದೋ, ಅಲ್ಲಿ ನಮ್ಮ ದೂತರ ಮನೆಗೂ ಅದೇ ಹೊತ್ತಿಗೆ ಅದೇ ಆಗುತ್ತದೆ. ಇಲ್ಲಿ ಹಂಚು ಜಾರಿದರೆ ಅಲ್ಲೂ ಹಂಚು ಜಾರುತ್ತದೆ. ಇಲ್ಲಿ ಬೆಕ್ಕು ಅಟ್ಟದಲ್ಲಿ ಮರಿ ಹಾಕಿದರೆ ಅಲ್ಲೂ ಬೆಕ್ಕು ಅಟ್ಟದಲ್ಲಿ ಮರಿ ಹಾಕುತ್ತದೆ, ಬಣ್ಣ ಸಮೇತ.

ಇದು ಗೊತ್ತಿದ್ದೂ ನಾವು ಏನು ಮಾಡಿದೆವು ಕೇಳಿ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಮರಳೂರಿನ ಮೇಲೆ ಸಿಟ್ಟು ಬಂದು ಅವರ ದೂತನ ಮನೆಯ ದಾರ ಹರಿದು ಒಳಗೆ ನುಗ್ಗಿದರು. ಮರಳೂರಿನಲ್ಲಿ ನಮ್ಮವನ ದಾರವೂ ಹರಿಯಿತು. ಅಜ್ಜಂದಿರ ಕಾಲದಲ್ಲಿ ಬೆಟ್ಟದೂರಿನ ಮೇಲೆ ಸಿಟ್ಟು ಬಂದು ಅವರ ದೂತನ ಮನೆಗೆ ಬೆಂಕಿ ಇಟ್ಟರು. ಬೆಟ್ಟದೂರಿನ ಹೊಗೆ ನಮ್ಮ ಕೆರೆ ಏರಿಯಿಂದಲೇ ಕಂಡಿತು. ಅವರವನು ಹಿಂತಿರುಗಲಿಲ್ಲ, ನಮ್ಮವನೂ ಹಿಂತಿರುಗಲಿಲ್ಲ. ಪ್ರತಿ ಸಲವೂ ನಾವು ಬಹಳ ಪಶ್ಚಾತ್ತಾಪ ಪಟ್ಟೆವು. ಪಶ್ಚಾತ್ತಾಪದಲ್ಲಿ ನಮ್ಮನ್ನು ಮೀರಿಸುವ ಊರು ಎಲ್ಲೂ ಇಲ್ಲ. ಬೇಕಾದರೆ ಪಂದ್ಯ ಕಟ್ಟುತ್ತೇನೆ. ಊರಿಗೆ ಊರೇ ಅತ್ತು ಕೆರೆಗೆ ಒಂದು ಮೊಳ ನೀರು ಏರಿಸಿದ್ದೇವೆ.

ಹೀಗೆ ಆಗಿ ಆಗಿ, ಆ ಬೀದಿಯಲ್ಲಿ ಸಾಲು ಮನೆಗಳ ಚೌಕಟ್ಟುಗಳು ಖಾಲಿ ನಿಂತವು. ಉಳಿದದ್ದು ಒಂದು ದಾರ, ಒಂದು ಮನೆ, ಹೊಳೆಯಾಚೆಯ ದೂತರದು.

ಆ ದಾರವನ್ನು ಹೊರಗಿನಿಂದ ಕಟ್ಟುತ್ತಿದ್ದವಳು ನೂಲತ್ತೆ. ಊರಿಗೆಲ್ಲ ಅತ್ತೆ. ತಾನೇ ಹತ್ತಿ ಹಿಂಜಿ, ತಾನೇ ನೂತು, ಬೆಳಿಗ್ಗೆ ಒದ್ದೆ ಕೂದಲಲ್ಲಿ ಬಂದು ಮೊಳೆಗೆ ಸುತ್ತಿ ಗಂಟು ಹಾಕುವಳು. ಹಾಕುವಾಗ ಕೇಳುವಳು:

"ಒಳಗಿದ್ದೀರಾ?"

ದೂತರು ಒಳಗಿನ ತುದಿಗೆ ಗಂಟು ಹಾಕುತ್ತಾ ಹೇಳುವರು:

"ನೀವು ಹೊರಗಿದ್ದೀರಿ ಅಕ್ಕಾ. ಅದಕ್ಕೇ ಒಳಗಿದ್ದೇನೆ."

ಅಷ್ಟೇ ಮಂತ್ರ. ದಿನಾ ಅದೇ ಪ್ರಶ್ನೆ, ದಿನಾ ಅದೇ ಉತ್ತರ. ಆಮೇಲೆ ನೂಲತ್ತೆ ಸ್ವಲ್ಪ ಹೊತ್ತು ದಾರವನ್ನೇ ನೋಡುತ್ತಾ ನಿಲ್ಲುವಳು. ಯಾಕೆಂದರೆ ಹೊಳೆಯಾಚೆಯ ಊರಿನಲ್ಲಿ ಇಂಥದೇ ದಾರದ ಹಿಂದೆ ಕೂತಿದ್ದ ನಮ್ಮ ದೂತಳು ಅವಳ ಒಬ್ಬಳೇ ಮಗಳು. ಇಲ್ಲಿ ಗಂಟು ಬಿಗಿಯಾದರೆ ಅಲ್ಲಿ ಬಿಗಿಯಾಗುತ್ತದೆ. ನೂಲತ್ತೆ ಕಟ್ಟುತ್ತಿದ್ದದ್ದು ಪರವೂರಿನವರ ಬಾಗಿಲನ್ನಲ್ಲ, ಮಗಳ ಬಾಗಿಲನ್ನು.

ದೂತರ ಮನೆಯಲ್ಲಿ ಒಬ್ಬ ಅಡುಗೆಯವನಿದ್ದ. ನಮ್ಮ ಊರಿನವನೇ. ಅವನ ಮಜ್ಜಿಗೆ ಎಂಥದೆಂದರೆ, ಒಂದು ಸಲ ಜಗಳವಾಡುತ್ತಿದ್ದ ಗಂಡ ಹೆಂಡತಿ ಕುಡಿದು, ಯಾವ ವಿಷಯಕ್ಕೆ ಜಗಳ ಅಂತ ಮರೆತು, ಕೊನೆಗೆ ಅದಕ್ಕೇ ಜಗಳ ಆಡಿದರು. ನಾನು ದಿನಾ ಆ ಮನೆಗೆ ಹೋಗುತ್ತಿದ್ದದ್ದು ಚೌಕಾಬಾರಕ್ಕೆ ಅಂತ ಹೇಳುತ್ತಿದ್ದೆ. ಅಡುಗೆಯವ ನಂಬುತ್ತಿರಲಿಲ್ಲ.

"ಬಡಾಯಿ ಮಾವ ಬಂದ್ರು. ಎರಡು ಲೋಟ ಜಾಸ್ತಿ ಕಡೀಬೇಕು," ಅಂತ ಒಳಗಿನಿಂದಲೇ ಕೂಗುತ್ತಿದ್ದ.

ಹೀಗಿರುವಾಗ ಒಂದು ಸುದ್ದಿ ಬಂತು. ಹೊಳೆಯಾಚೆಯ ಊರಿನಲ್ಲಿ ಯಾರದೋ ಮದುವೆಯಲ್ಲಿ ಒಂದು ಕುಂಬಳಕಾಯಿಯನ್ನು ತೂಗುಹಾಕಿ, ಸೌಟಿನಿಂದ ಬಡಿದು, "ನೋಡ್ರಪ್ಪಾ, ಆಚೆ ಊರಿನವರ ಗಂಟೆ," ಅಂತ ನಕ್ಕರಂತೆ.

ಸುದ್ದಿ ಯಾರು ತಂದರು ಅಂತ ಯಾರಿಗೂ ಗೊತ್ತಿಲ್ಲ. ಬಾವಿಕಟ್ಟೆಗೆ ಬರುವಾಗ ಅದು ಒಂದು ಕುಂಬಳಕಾಯಿಯಾಗಿತ್ತು. ಸಂತೆಗೆ ಹೋಗುವಾಗ ಒಂದು ಗಾಡಿ ಕುಂಬಳಕಾಯಿಯಾಯಿತು. ಸಂತೆಯಿಂದ ಹೊರಡುವಾಗ, ಬಡಿದ ಕುಂಬಳಕಾಯಿಯನ್ನು ಹೆಚ್ಚಿ ಹುಳಿ ಮಾಡಿ ಇಡೀ ಊರಿಗೆ ಬಡಿಸಿದ್ದಾರೆ ಅನ್ನುವವರೆಗೆ ಬಂತು.

"ನಮ್ಮ ಗಂಟೇನ ಹುಳಿ ಮಾಡಿ ತಿಂದ್ರಲ್ಲೋ!" ಅಂತ ಒಬ್ಬ ಎದೆ ಬಡಿದುಕೊಂಡ. ಗಂಟೆ ಅವನ ಬೆನ್ನ ಹಿಂದೆಯೇ ನೇತಾಡುತ್ತಿತ್ತು. ಅವನು ತಿರುಗಿ ನೋಡಲಿಲ್ಲ.

ಊರ ಹಿರಿಯರು ಗಂಟೆಗೆ ಅಪಾಯವಿದೆ ಎಂದು ತೀರ್ಮಾನಿಸಿ, ದೂತರ ಬೀದಿಯ ಕಾವಲಿನವರನ್ನೆಲ್ಲ ಕರೆಸಿ ಗಂಟೆಯ ಸುತ್ತ ನಿಲ್ಲಿಸಿದರು. ದೂತರ ಬೀದಿಗೆ ದಾರ ಇದೆಯಲ್ಲ, ಸಾಕು ಅಂದರು.

ಮರುದಿನ ಬೆಳಿಗ್ಗೆ ನಾನು ದೂತರ ಮನೆಯೊಳಗೇ ಇದ್ದೆ. ಕವಡೆ ನನ್ನ ಕೈಯಲ್ಲಿತ್ತು; ಒಂದೇ ಒಂದು ಗರ ಬಿದ್ದಿದ್ದರೆ ಅವತ್ತು ಖಂಡಿತ ಗೆಲ್ಲುತ್ತಿದ್ದೆ, ಇದನ್ನು ದೂತರೂ ಒಪ್ಪಿಕೊಂಡಿದ್ದಾರೆ. ಆಗ ಬೀದಿಯ ತುದಿಯಿಂದ ಸದ್ದು ಬಂತು. ಮೊದಲು ಕಾಲಿನ ಸದ್ದು, ಆಮೇಲೆ ಬಾಯಿಯ ಸದ್ದು. ನೂಲತ್ತೆ ದಾರ ಕಟ್ಟಿ ಇನ್ನೂ ಅಲ್ಲೇ ನಿಂತಿದ್ದಳು. ಬೀದಿ ತುಂಬ ನಮ್ಮವರು. ಎಲ್ಲರ ಕೈಯಲ್ಲೂ ಕಲ್ಲು. ಕೆಲವರು ಎರಡು ಹಿಡಿದಿದ್ದರು, ಪಕ್ಕದವರಿಗೆ ಬೇಕಾದರೆ ಕೊಡೋಣ ಅಂತ. ನಮ್ಮ ಊರಿನವರ ಉಪಕಾರಬುದ್ಧಿ ಅಂಥದು.

ಅವರ ಮುಂದೆ ಊರಿನ ಜಾಣ ಇದ್ದ. ಯಾವ ಕಷ್ಟಕ್ಕೂ ಒಂದು ದಾರಿ ಹುಡುಕುವವನು ಅಂತ ಅವನಿಗೆ ಆ ಹೆಸರು.

"ಅತ್ತೇ, ಪಕ್ಕಕ್ಕೆ ಸರೀರಿ. ಅವರನ್ನ ಹೊರಗೆ ತಂದು ಗಂಟೆ ಮುಂದೆ ನಿಲ್ಲಿಸಿ ತಪ್ಪೊಪ್ಪಿಗೆ ಮಾಡಿಸ್ತೀವಿ."

"ದಾರ ಇದೆ," ಅಂದಳು ನೂಲತ್ತೆ.

"ಇದೆ ಅಂತ ಗೊತ್ತು. ಹಿಂದಿನವರು ತಪ್ಪು ಮಾಡಿದ್ದೇ ಅಲ್ಲಿ. ದಾರ ಹರಿದರು, ಅದಕ್ಕೇ ಅಲ್ಲೂ ಹರೀತು. ನಾವು ದಾರ ಮುಟ್ಟೋದೇ ಇಲ್ಲ. ಬಗ್ಗಿ ಕೆಳಗಿಂದ ಹೋಗ್ತೀವಿ, ಅವರನ್ನೂ ಬಗ್ಗಿಸಿ ಕೆಳಗಿಂದಲೇ ತರ್ತೀವಿ. ದಾರ ಹಾಗೇ ಇರತ್ತೆ. ನಿಮ್ಮ ಮಗಳಿಗೂ ಏನೂ ಆಗಲ್ಲ."

ಗುಂಪು "ಹೌದು ಹೌದು" ಅಂದಿತು. ಎಂಥ ನೆಮ್ಮದಿ ಗೊತ್ತೇ ಆ ಮುಖಗಳಲ್ಲಿ! ಸಿಟ್ಟೂ ಉಳಿಯಿತು, ನಿಯಮವೂ ಉಳಿಯಿತು. ಬಗ್ಗುವುದಕ್ಕೆ ಸಲೀಸಾಗಲಿ ಅಂತ ಕೆಲವರು ಆಗಲೇ ಪಂಚೆ ಎತ್ತಿ ಕಟ್ಟುತ್ತಿದ್ದರು.

ನೂಲತ್ತೆ ಗಂಟು ಬಿಚ್ಚಿ ದಾರವನ್ನು ಮಂಡಿಯ ಎತ್ತರಕ್ಕೆ ಇಳಿಸಿ ಕಟ್ಟಿದಳು.

"ಹಾಗಾದ್ರೆ ದಾಟಿಕೊಂಡು ಹೋಗ್ತೀವಿ ಅತ್ತೇ," ಅಂದ ಜಾಣ, ಬಹಳ ವಿನಯದಿಂದ.

ಅವಳು ಮತ್ತೆ ಮೇಲೆ ಕಟ್ಟಿದಳು. ಅವರು ಮತ್ತೆ ಬಗ್ಗಿದರು. ಅವಳು ಕೆಳಗೆ ಕಟ್ಟಿದಳು. ಅವರು ಕಾಲು ಎತ್ತಿದರು. ದಾರ ಮೇಲೆ ಹೋಯಿತು, ದಾರ ಕೆಳಗೆ ಬಂತು. ಒಳಗಿನ ತುದಿಯನ್ನು ದೂತರೂ ಅದೇ ಎತ್ತರಕ್ಕೆ ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದರು. ಕೊನೆಗೆ ನೂಲತ್ತೆ ದಾರವನ್ನು ಎದೆಯ ಎತ್ತರಕ್ಕೇ ಬಿಟ್ಟು, ಅದರ ಕೆಳಗೆ, ಹೊಸಿಲಿನ ಉದ್ದಕ್ಕೂ ಸೆರಗು ಹರಡಿ ಕೂತುಬಿಟ್ಟಳು. ಮೇಲೆ ದಾರ, ಕೆಳಗೆ ಅತ್ತೆ. ದಾರ ಮುಟ್ಟುವ ಹಾಗಿಲ್ಲ. ಅತ್ತೆಯನ್ನಂತೂ ಮುಟ್ಟುವ ಮಾತೇ ಇಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಅವಳು ಎಣ್ಣೆ ನೀರು ಹಾಕಿದ್ದಳು.

"ಏಳಿ ಅತ್ತೇ."

"ಕಾಲು ನೋವು ಕಣಪ್ಪ. ಕೂತವಳು ಏಳೋದು ಕಷ್ಟ."

"ನಮ್ಮ ಗಂಟೇನ ತಿಂದಿದ್ದಾರೆ ಅತ್ತೇ!"

"ಅರಗಿಸಿಕೊಳ್ಳಲಿ ಬಿಡು."

ಮುಂದಿನ ಸಾಲಿನಲ್ಲಿ ಒಬ್ಬನಿಗೆ ನಗು ಬಂತು. ಅವನು ಕೆಮ್ಮಿ ಮುಚ್ಚಿಕೊಂಡ.

ಆಗ ನನ್ನ ಪಕ್ಕಕ್ಕೆ ಬಂದು ಕೂತಿದ್ದ ದೂತರು ಎದ್ದರು. "ಅಕ್ಕಾ, ಇದು ಬೇಡ. ನಾನೇ ಹೊರಗೆ ಬರ್ತೇನೆ. ಗಂಟೆ ಮುಂದೆ ನಿಲ್ತೇನೆ. ಕುಂಬಳಕಾಯಿ ನಾನು ಕಂಡಿಲ್ಲ. ಆದರೂ ಕಂಡೆ ಅಂತ ಹೇಳ್ತೇನೆ."

ನೂಲತ್ತೆ ತಿರುಗಲಿಲ್ಲ. ಬೀದಿಯ ಕಡೆ ಮುಖ ಇಟ್ಟುಕೊಂಡೇ ಕೇಳಿದಳು:

"ಒಳಗಿದ್ದೀರಾ?"

"ಅಕ್ಕಾ..."

"ಒಳಗಿದ್ದೀರಾ ಅಂತ ಕೇಳ್ದೆ. ನೀವು ಹೊರಗೆ ಬಂದ್ರೆ ಅಲ್ಲಿ ನನ್ನ ಮಗಳು ಹೊರಗೆ ಬರ್ತಾಳೆ. ಅಲ್ಲೂ ಇಷ್ಟೇ ಜನ ನಿಂತಿರ್ತಾರೆ. ಕೂತ್ಕೊಳ್ಳಿ."

ದೂತರು ಕೂತರು. "ನೀವು ಹೊರಗಿದ್ದೀರಿ ಅಕ್ಕಾ," ಅಂದರು. "ಅದಕ್ಕೇ ಒಳಗಿದ್ದೇನೆ."

ಬಿಸಿಲು ಏರಿತು. ಗುಂಪು ಹೋಗಲೂ ಇಲ್ಲ, ಬರಲೂ ಇಲ್ಲ. ಕಲ್ಲುಗಳು ಕೈಯ ಬೆವರಿಗೆ ಒದ್ದೆಯಾದವು. ಆಗ ಅಡುಗೆಯವ ಒಳಗಿನಿಂದ ಬಂದ, ಸೊಂಟದ ಮೇಲೆ ಮಜ್ಜಿಗೆಯ ಬಿಂದಿಗೆ, ಕೈಯಲ್ಲಿ ಸೌಟು. ದಾರದ ಕೆಳಗೆ ಬಗ್ಗಿ, ನೂಲತ್ತೆಯ ಭುಜ ಹಿಡಿದುಕೊಂಡು, ಅವಳ ಮೇಲಿಂದ ಕಾಲು ಹಾಕಿ ಹೊರಗೆ ಹೋದ. ಅವನು ಮನೆಯವನು, ಅವನಿಗೆ ಅದು ದಿನದ ಅಭ್ಯಾಸ.

"ಏನ್ರಪ್ಪಾ ಇದು, ಒಣ ಗಂಟಲಲ್ಲಿ ಕೂಗಿದ್ರೆ ಹೊಳೆಯಾಚೆಗೆ ಕೇಳತ್ತಾ?" ಅಂದ. "ಮೊದಲು ಕುಡೀರಿ, ಆಮೇಲೆ ಕೂಗೀರಿ. ಏ ಜಾಣಾ, ಕಲ್ಲು ಕೆಳಗಿಡು. ಕೈ ಬೊಗಸೆ ಮಾಡೋದು ಹೇಗೆ?"

ಜಾಣ ಯೋಚನೆ ಮಾಡಿದ. ಕಲ್ಲು ಹಿಡಿದು ಬೊಗಸೆ ಮಾಡುವ ದಾರಿ ಅವನಿಗೂ ಹೊಳೆಯಲಿಲ್ಲ. ಕಲ್ಲು ಕೆಳಗಿಟ್ಟ. ಮುಂದಿನ ಸಾಲಿನವರೆಲ್ಲ ಇಟ್ಟರು. ಅಡುಗೆಯವ ಸೌಟಿನಿಂದ ಒಬ್ಬೊಬ್ಬರ ಬೊಗಸೆಗೆ ಹೊಯ್ಯುತ್ತಾ, "ನಿಮ್ಮಪ್ಪ ಹೀಗೇ ಸದ್ದು ಮಾಡ್ಕೊಂಡು ಕುಡೀತಿದ್ದ," "ಮೀಸೆಗೂ ಸ್ವಲ್ಪ ಬಿಡು, ಅದಕ್ಕೂ ಬಾಯಾರಿಕೆ," ಅಂತ ಒಬ್ಬೊಬ್ಬರಿಗೆ ಒಂದೊಂದು ಮಾತು ಅಂದ. ಎಲ್ಲರೂ ನಕ್ಕರು. ಜೋರಾಗಿ ನಕ್ಕರು. ನಾನು ಒಳಗಿನಿಂದ ನೋಡುತ್ತಿದ್ದೆ. ಇನ್ನು ಮುಗಿಯಿತು ಅಂತ ದೂತರ ಕಡೆ ತಿರುಗಿ, "ಆಟ ಮುಂದುವರಿಸೋಣ, ಗರ ನನ್ನದೇ," ಅಂದೆ.

ಹಿಂದಿನ ಸಾಲುಗಳವರಿಗೆ ನಗು ಕೇಳಿಸಿತು. ಮಜ್ಜಿಗೆ ಕಾಣಿಸಲಿಲ್ಲ.

ದೂತರ ಮನೆಯವರು ತಮ್ಮನ್ನು ನೋಡಿ ನಗುತ್ತಿದ್ದಾರೆ ಅಂತ ಅವರು ಅಂದುಕೊಂಡರು. ಒಂದು ಕಲ್ಲು ಎಲ್ಲರ ತಲೆಯ ಮೇಲಿಂದ ಹಾರಿ ಬಂತು. ಅಡುಗೆಯವ ಆಗ ಬಗ್ಗಿ ಬಿಂದಿಗೆಗೆ ಸೌಟು ಹಾಕಿ ನೇರವಾಗುತ್ತಿದ್ದ. ಸದ್ದು ದೊಡ್ಡದಾಗಿರಲಿಲ್ಲ. ಅವನು ನೂಲತ್ತೆಯ ಮಡಿಲಿನ ಮೇಲೆ ತಲೆ ಇಟ್ಟು ಮಲಗಿದ. ಮಜ್ಜಿಗೆ ಬೀದಿಯ ಇಳಿಜಾರಿನಲ್ಲಿ ಬೆಳ್ಳಗೆ ಹರಿದು, ಕೆಳಗಿಟ್ಟ ಕಲ್ಲುಗಳ ಸುತ್ತ ಸುತ್ತಿಕೊಂಡು ಹೋಯಿತು. ದಾರ ಹಾಗೇ ಇತ್ತು. ಅಲುಗಾಡಲೂ ಇಲ್ಲ.

ಹೊಳೆಯಾಚೆಯಿಂದ ಸುದ್ದಿ ಬರುವವರೆಗೆ ನೂಲತ್ತೆ ಹೊಸಿಲು ಬಿಟ್ಟು ಏಳಲಿಲ್ಲ. ಸುದ್ದಿ ಬಂತು. ಅಲ್ಲಿಯೂ ಅದೇ ಬೆಳಿಗ್ಗೆ ಊರಿನವರು ಕಲ್ಲು ಹಿಡಿದು ನಮ್ಮ ದೂತಳ ಮನೆಗೆ ಬಂದಿದ್ದರು. ಅಲ್ಲಿಯೂ ಒಬ್ಬ ಮುದುಕ ದಾರದ ಕೆಳಗೆ ಕೂತಿದ್ದ. ಅಲ್ಲಿಯೂ ಮನೆಯ ಕಸಮುಸುರೆ ಮಾಡುವ ಹೆಂಗಸು, ಆ ಊರಿನವಳೇ, ಬೆಲ್ಲ ನೀರು ಹಿಡಿದು ಹೊರಗೆ ಬಂದಿದ್ದಳು. ನಿಯಮ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಾವು ಅವರ ದೂತರ ಮೇಲೆ ಹೋಗಿ ನಮ್ಮವನನ್ನೇ ಕೊಂದೆವು. ಅವರು ನಮ್ಮ ದೂತಳ ಮೇಲೆ ಬಂದು ತಮ್ಮವಳನ್ನೇ ಕೊಂದರು. ನೂಲತ್ತೆಯ ಮಗಳು ಬದುಕಿದ್ದಳು.

ಕಲ್ಲು ಯಾರದು ಅಂತ ಹಿರಿಯರು ವಿಚಾರಣೆ ಮಾಡಿದರು. ಕಲ್ಲು ನಮ್ಮ ಊರಿನದು ಅಂತ ಗೊತ್ತಾಯಿತು. ಅದಕ್ಕಿಂತ ಹೆಚ್ಚು ಗೊತ್ತಾಗಲಿಲ್ಲ. ಆಗ ಜಾಣ ಎದ್ದು ನಿಂತು, ತಪ್ಪು ಕಲ್ಲಿನದೂ ಅಲ್ಲ, ಕೈಯದೂ ಅಲ್ಲ, ಬಾಗಿಲಿನದು ಅಂದ. ದಾರದ ಬಾಗಿಲು ಇಟ್ಟರೆ ಯಾರಿಗಾದರೂ ಕಲ್ಲು ಹೊಡೆಯೋಣ ಅನ್ನಿಸುತ್ತದೆ. ಗೋಡೆ ಕಟ್ಟಬೇಕು.

ತಪ್ಪು ಬಾಗಿಲಿನದು ಅಂತ ಕೇಳಿ ನಮಗೆಲ್ಲ ಎಷ್ಟು ಹಗುರವಾಯಿತೆಂದರೆ, ಅವತ್ತೇ ಕೆಲಸ ಶುರು ಮಾಡಿದೆವು. ಬೀದಿಯಲ್ಲಿ ಬಿದ್ದಿದ್ದ ಕಲ್ಲುಗಳನ್ನೇ ಆರಿಸಿದೆವು. ಬೇರೆ ಕಲ್ಲು ತರಬೇಕಾಗಲಿಲ್ಲ. ಎಂಥ ಗೋಡೆ ಅಂತೀರಿ! ಅದರ ದಪ್ಪಕ್ಕೆ ಒಳಗೆ ಬೇಸಿಗೆಯಾದರೆ ಹೊರಗೆ ಚಳಿಗಾಲ. ಮೇಲೆ ಹತ್ತಿದ ಹಲ್ಲಿ ಇಳಿಯುವಷ್ಟರಲ್ಲಿ ಮೊಮ್ಮಕ್ಕಳನ್ನು ಕಾಣುತ್ತಿತ್ತು. ಕಬ್ಬಿಣದ ಕದ, ಕದದಲ್ಲಿ ಕಣ್ಣಷ್ಟು ಒಂದು ತೂತು. ಯಾರೇ ಬಂದರೂ ದೂರದಲ್ಲಿ ನಿಂತು, ಎರಡೂ ಕೈ ಎತ್ತಿ, ಬೆರಳು ಬಿಡಿಸಿ ತೋರಿಸಿ, ತಾನು ಯಾರು ಅಂತ ಹೇಳಬೇಕು. ಆಮೇಲೆ ತೂತಿನ ಹಿಂದಿನ ಕಣ್ಣು ಯೋಚನೆ ಮಾಡುತ್ತದೆ. ಇಲ್ಲಿ ಗೋಡೆ ಎದ್ದ ಹಾಗೆ ಅಲ್ಲಿಯೂ ಎದ್ದಿತು. ಅಷ್ಟೇ ದಪ್ಪ, ಅಷ್ಟೇ ಎತ್ತರ.

ನೂಲತ್ತೆಗೆ ಇನ್ನು ಕಟ್ಟುವ ಕೆಲಸ ಇರಲಿಲ್ಲ. ಆದರೂ ಬೆಳಿಗ್ಗೆ ಬರುವಳು.

"ಯಾರು?" ಅಂತ ಒಳಗಿನಿಂದ ದೂತರು ಕೇಳುವರು. ಮೊದಮೊದಲು ಆ ದನಿಯಲ್ಲಿ ನಾಚಿಕೆ ಇತ್ತು. "ಕ್ಷಮಿಸಿ ಅಕ್ಕಾ, ಕೇಳಲೇಬೇಕಂತೆ," ಅನ್ನುತ್ತಿದ್ದರು. ಆಮೇಲೆ ನಾಚಿಕೆ ಹೋಯಿತು, "ಅಕ್ಕಾ" ಹೋಯಿತು, "ಯಾರು?" ಮಾತ್ರ ಉಳಿಯಿತು. ನಾನು ತೂತಿನ ಮೂಲಕ ಚೌಕಾಬಾರ ಆಡಲು ನೋಡಿದೆ. ಹೊರಗೆ ನಾನು ಕವಡೆ ಹಾಕಿ ಗರ ಕೂಗುವುದು, ಒಳಗೆ ಅವರು ಕಾಯಿ ನಡೆಸುವುದು. ನಾನು ಎಲ್ಲಾ ಆಟ ಗೆದ್ದೆ. ನಾನು ಹೇಳಿದ್ದನ್ನು ಅವರು ನಂಬುತ್ತಿದ್ದರೋ, ನನ್ನನ್ನು ಬೇಗ ಕಳಿಸಲು ನೋಡುತ್ತಿದ್ದರೋ ಗೊತ್ತಿಲ್ಲ. ಹಾಗೆ ಗೆದ್ದ ಮೇಲೆ ಆಡುವ ಮನಸ್ಸಾಗಲಿಲ್ಲ.

ಕಾಲ ಕಳೆಯಿತು. ದೂತರ ಅವಧಿ ಮುಗಿಯಿತು, ಹಾಗೆಯೇ ನೂಲತ್ತೆಯ ಮಗಳದೂ. ದೂತರು ಪರದೆ ಕಟ್ಟಿದ ಗಾಡಿಯಲ್ಲಿ ಹೋದರು. ಪರದೆಯ ಒಳಗಿನಿಂದ ಯಾರಾದರೂ ನಮ್ಮನ್ನು ನೋಡಿದರೋ ಇಲ್ಲವೋ ಹೇಳಲಾರೆ. ಅಂಥದೇ ಪರದೆಯ ಗಾಡಿಯಲ್ಲಿ ಮಗಳು ಬಂದಳು.

ಒಂದು ಗಾಯವಿಲ್ಲ, ಒಂದು ಗೀರಿಲ್ಲ. ಊರಿನವರೆಲ್ಲ ನೋಡಲು ಹೋದೆವು. "ನೋಡಿದ್ರಾ, ಗೋಡೆ ಕಟ್ಟಿದ್ದು ಒಳ್ಳೇದಾಯ್ತು," ಅಂದ ಜಾಣ. ಮಗಳು ನಮಸ್ಕಾರ ಮಾಡಿದಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಗೋಡೆಗೆ ಬೆನ್ನು ಕೊಟ್ಟೇ ಕೂತಿದ್ದಳು. ಬಂದವರು ಮಾತಾಡುವಾಗ ಅವಳ ಕಣ್ಣು ಅವರ ಬಾಯಿಯ ಮೇಲಿರಲಿಲ್ಲ, ಕೈಗಳ ಮೇಲಿತ್ತು. ನೂಲತ್ತೆ ಮಾತ್ರ ಏನನ್ನೂ ಗಮನಿಸುವ ಹಾಗಿರಲಿಲ್ಲ. "ಎಣ್ಣೆ ಹಚ್ಚಿ ನೀರು ಹಾಕ್ತೀನಿ, ನಿನ್ನ ಕೂದಲು ನೋಡು ಹೇಗಾಗಿದೆ," ಅನ್ನುತ್ತಾ ಮನೆಯೊಳಗೆ ಹೊರಗೆ ಓಡಾಡುತ್ತಿದ್ದಳು. ನನ್ನನ್ನು ಕಂಡು, "ಲೋ ಬಡಾಯಿ, ಸುಮ್ನೆ ನಿಂತಿದ್ದೀಯಲ್ಲ, ಹಂಡೆಗೆ ನೀರು ಸೇದೋಣ ಬಾ," ಅಂದಳು.

ಬಾವಿಯಿಂದ ಎರಡು ಕೊಡ ತುಂಬಿಸಿಕೊಂಡು ಬಂದೆವು. ಒಂದು ಅವಳ ಸೊಂಟದ ಮೇಲೆ, ಒಂದು ನನ್ನ ಹೆಗಲ ಮೇಲೆ. ಬರುವಷ್ಟರಲ್ಲಿ ನೋಡಲು ಬಂದವರೆಲ್ಲ ಹೋಗಿದ್ದರು, ಮನೆಯ ಕದ ಮುಚ್ಚಿತ್ತು. ಹಗಲು ಹೊತ್ತು ಆ ಕದ ಮುಚ್ಚಿದ್ದನ್ನು ನಾನು ನೋಡಿದ್ದೇ ಇಲ್ಲ. ನೂಲತ್ತೆ ಮೊಣಕೈಯಿಂದ ತಳ್ಳಿದಳು. ತೆರೆಯಲಿಲ್ಲ.

"ಯಾರು?" ಅಂತ ಕಿಟಕಿಯ ಸಂದಿಯಿಂದ ದನಿ ಬಂತು.

"ನಾನು ಕಣೇ."

"ಸ್ವಲ್ಪ ಹಿಂದೆ ನಿಂತು ಹೇಳಿ."

ಹುಟ್ಟಿದಾಗಿನಿಂದ ತಾಯಿಯನ್ನು "ನೀನು" ಅಂದ ಹುಡುಗಿ ಅದು. ನೂಲತ್ತೆ ಹಿಂದೆ ಸರಿದಳು.

"ನಿಮ್ಮಮ್ಮ," ಅಂದಳು.

"ಕೈ ತೋರಿಸಿ. ಎರಡೂ."

ನೂಲತ್ತೆ ಕೊಡವನ್ನು ಮೆಲ್ಲಗೆ ಕೆಳಗಿಟ್ಟಳು. ಎರಡೂ ಕೈ ಎತ್ತಿದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಜೊತೆಯಲ್ಲಿ ಇನ್ನೊಬ್ಬರು ಯಾರು?"

ನಾನು ಯಾರು ಅಂತ ಹೇಳಲು ನನ್ನಷ್ಟು ಚೆನ್ನಾಗಿ ಯಾರಿಗೆ ಬರುತ್ತದೆ? ಅವಳು ಚಿಕ್ಕವಳಿದ್ದಾಗ ಇದೇ ಹೆಗಲ ಮೇಲೆ ಕೂರಿಸಿಕೊಂಡು, ಚಂದ್ರನನ್ನು ಒಂದು ಸಲ ನಾನೇ ಒರೆಸಿ ಬೆಳಗಿಟ್ಟಿದ್ದು ಅಂತ ನಂಬಿಸಿದ್ದೆ. ಈಗ ಕೊಡ ಇಳಿಸಿ ನಾನೂ ಕೈ ಎತ್ತಿದೆ.

ಒಳಗೆ ಕಾಲಿನ ಸದ್ದು ಕದದ ಹತ್ತಿರ ಬಂತು, ನಿಂತಿತು, ಮತ್ತೆ ದೂರ ಹೋಯಿತು. ಬೀದಿಯಲ್ಲಿ ಹೋಗುವವರು ನಮ್ಮಿಬ್ಬರನ್ನು ನೋಡಿ ನಿಂತರು. ಬಿಸಿಲಿಗೆ ನನ್ನ ತೋಳು ಸೋತು ಬೀಳುತ್ತಿತ್ತು, ಇಳಿಸಲು ಹೋದೆ.

ನೂಲತ್ತೆ ತುಟಿ ಅಲುಗಿಸದೆ ನನಗೆ ಮಾತ್ರ ಕೇಳುವ ಹಾಗೆ ಅಂದಳು:

"ಇಳಿಸಬೇಡ ಕಣೋ. ಮಗು ಹೆದರ್ಕೊಳ್ತಾಳೆ."